ಕ್ಯಾಮೆರಾ ಹಿಂದಿನ ದನಿಗೆ ಒಂದು ಜಾಗ

ಚನ್ನಗಿರಿಯ ನಮ್ಮ ಫೋಟೋ ಸ್ಟುಡಿಯೋದ ಒಳಕೋಣೆಯಲ್ಲಿ ನಾಲ್ಕು ಹಾರ್ಡ್‌ಡಿಸ್ಕ್ ಹಿಡಿಯುವ ಒಂದು ಕಪ್ಪು ಪೆಟ್ಟಿಗೆ ಇದೆ. ಅದನ್ನು ಸರ್ವರ್ ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಹಿಡಿಸದಷ್ಟು ಫೋಟೋ, ವಿಡಿಯೋಗಳನ್ನು ಅದರೊಳಗೆ ತುಂಬಿಡುವುದು. ಸುತ್ತಲಿನ ಹಳ್ಳಿಗಳದ್ದು, ಹೊನ್ನಾಳಿಯದ್ದು, ನ್ಯಾಮತಿಯದ್ದು, ಅತ್ತ ಜಗಳೂರಿನದ್ದು ಎಂದು ಎಷ್ಟೋ ಮದುವೆಗಳು ಅದರಲ್ಲಿವೆ. ನಮ್ಮವರು, ಅಂದರೆ ನನ್ನ ಯಜಮಾನರು, ತೀರಿಕೊಂಡು ಎಂಟು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಕಸ ಗುಡಿಸಲು ಒಳಗೆ ಹೋದರೆ ಪೆಟ್ಟಿಗೆ ಟುಂಯ್ ಟುಂಯ್ ಅನ್ನುತ್ತಿತ್ತು. ನಾಲ್ಕು ಹಸಿರು ದೀಪಗಳಲ್ಲಿ ಒಂದು ಕೆಂಪಾಗಿತ್ತು.

ನಾನು ಪೊರಕೆ ಹಿಡಿದುಕೊಂಡೇ ಕುಕ್ಕರಿಸಿ ಕೂತುಬಿಟ್ಟೆ. ಆ ಪೆಟ್ಟಿಗೆಯಲ್ಲಿ ಊರವರ ಮದುವೆಗಳ ಜೊತೆ ನಮ್ಮವರ ದನಿ ಇತ್ತು. ಬೇರೆಲ್ಲೂ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಪ್ಪತ್ತು ವರ್ಷಕ್ಕೂ ಮೇಲೆ ಊರಿನ ಮುಖಗಳನ್ನೆಲ್ಲ ತೆಗೆದವರಿಗೆ ತಮ್ಮದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಶಿವಗಣಾರಾಧನೆಯ ಕಾರ್ಡಿಗೆ ಕೊನೆಗೆ ಡ್ರೈವಿಂಗ್ ಲೈಸೆನ್ಸಿನ ಫೋಟೋವನ್ನೇ ದೊಡ್ಡದು ಮಾಡಿ ಹಾಕಿದೆ. ಅದರಲ್ಲಿ ಅವರು ಹೆಲ್ಮೆಟ್ ಇಲ್ಲದೆ ಪೊಲೀಸರ ಕೈಗೆ ಸಿಕ್ಕವರಂತೆ ಕಾಣುತ್ತಾರೆ. ಅತ್ತೆ ಕಾರ್ಡನ್ನು ದೂರ ಹಿಡಿದು ನೋಡಿ, “ಇದ್ಯಾರ್ದು ಹಾಕಿದೀಯೆ? ನನ್ ಮಗ ಇಷ್ಟು ಪೆದ್ದ ಇರ್ಲಿಲ್ಲ” ಎಂದು ಅಳುವಿನ ನಡುವೆಯೇ ನಕ್ಕಿದ್ದರು.

ವಿಡಿಯೋಗಳಲ್ಲೂ ಅವರು ಇಲ್ಲ. ಕ್ಯಾಮೆರಾ ಹಿಡಿದವರು ಕಾಣುವುದೆಲ್ಲಿ? ದನಿಯಾದರೂ ಇರಬೇಕಿತ್ತು, ಆದರೆ ಮದುವೆಯವರಿಗೆ ಕೊಡುವ ವಿಡಿಯೋದಲ್ಲಿ ಅವರು ಮೊದಲು ಕತ್ತರಿಸುತ್ತಿದ್ದದ್ದೇ ತಮ್ಮ ಮಾತನ್ನು. ಆ ಜಾಗಕ್ಕೆ ನಾದಸ್ವರವನ್ನೋ ಹಾಡನ್ನೋ ತುಂಬುತ್ತಿದ್ದರು. ಫೋನಿನಲ್ಲಿ ನನಗೆ ಕಳಿಸಿದ ದನಿ ಸಂದೇಶಗಳು ಮೂರೇ ಮೂರು. ಮೂರರಲ್ಲೂ ಹೇಳಿದ್ದು ಒಂದೇ ಮಾತು: “ಹೊರಟೆ.”

ಎದೆನೋವು ಎಂದವರು ಸಂಜೆಯೊಳಗೆ ಹೋಗಿಬಿಟ್ಟಾಗ ಮೂರು ಮದುವೆಗಳ ವಿಡಿಯೋ ಕೆಲಸ ಬಾಕಿ ಉಳಿದಿತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆಲ್ಬಮ್ ಜೋಡಿಸುವುದು, ಗುಂಪಿನ ಫೋಟೋದಿಂದ ಒಬ್ಬರನ್ನೇ ಬಿಡಿಸಿ ಕೋಟು ತೊಡಿಸುವುದು, ವಿಡಿಯೋ ಕತ್ತರಿಸಿ ಅಂಟಿಸುವುದು, ಇವನ್ನೆಲ್ಲ ಅವರ ಪಕ್ಕ ಕೂತು ಕಲಿತಿದ್ದೆ. ಮದುವೆಯವರು ಪಾಪ, ಕೇಳಲೂ ಆಗದೆ ಸುಮ್ಮನಿರಲೂ ಆಗದೆ, ಅಂಗಡಿ ಮುಂದೆ ನಿಧಾನಕ್ಕೆ ಓಡಾಡುತ್ತಿದ್ದರು. ಎರಡು ತಿಂಗಳಾದ ಮೇಲೆ ಶಟರ್ ಎತ್ತಿ, ಮೊದಲ ಮದುವೆಯ ಕಚ್ಚಾ ವಿಡಿಯೋ ತೆರೆದೆ. ಕಚ್ಚಾ ಅಂದರೆ ಕ್ಯಾಮೆರಾದಿಂದ ಇಳಿಸಿದ್ದು ಇಳಿಸಿದ ಹಾಗೇ ಇರುವುದು. ಪರದೆ ಮೇಲೆ ಬರೀ ಚಪ್ಪಲಿಗಳು. ಆಮೇಲೆ ಸಾರಿನ ಬಕೆಟ್ಟು. ಆಮೇಲೆ ಕಿವಿಯ ಪಕ್ಕದಲ್ಲೇ ಅಂದಂತೆ ಒಂದು ಮಾತು:

“ಅಜ್ಜಾ, ನೀವು ನಕ್ಕರೆ ಮದುವೇನೇನೂ ನಿಲ್ಲಾಕಿಲ್ಲ. ನಗ್ರಿ ಒಂದೀಟು.”

ಶಟರನ್ನು ಮತ್ತೆ ಅರ್ಧ ಎಳೆದು ಬಂದು ಅದನ್ನೇ ಏಳೆಂಟು ಸಲ ಹಾಕಿಕೊಂಡು ಕೇಳಿದೆ. ಕೊನೆಯ ಸಲದ ಹೊತ್ತಿಗೆ ಆ ಅಜ್ಜನ ಜೊತೆ ನಾನೂ ನಗುತ್ತಿದ್ದೆ.

ಚಪ್ಪಲಿ, ಬಕೆಟ್ಟು ಯಾಕೆ ಬಂದವೆಂದರೆ, ನಮ್ಮವರು ಮದುವೆಮನೆಗೆ ಕಾಲಿಟ್ಟ ಮೇಲೆ ಕ್ಯಾಮೆರಾ ಆಫ್ ಮಾಡುತ್ತಿರಲಿಲ್ಲ. ಇದಕ್ಕೆ ಕಾರಣ ನಲ್ಲೂರಿನ ಒಂದು ಮದುವೆ. ನಮ್ಮ ಮದುವೆಯಾದ ಹೊಸದು. ಅವರು ಬ್ಯಾಟರಿ ಉಳಿಸಲೆಂದು ಕ್ಯಾಮೆರಾ ಆಫ್ ಮಾಡಿಕೊಂಡು ನಿಂತಿದ್ದರಂತೆ. ಮುಹೂರ್ತ ಮೀರುತ್ತದೆಂದು ಅಯ್ನೋರು ಅವಸರ ಮಾಡಿದರು, ಕ್ಯಾಮೆರಾ ಆನ್ ಆಗಿ ಕಣ್ಣುಬಿಡುವಷ್ಟರಲ್ಲಿ ತಾಳಿ ಕಟ್ಟಿ ಮುಗಿದಿತ್ತು. ಊಟವಾದ ಮೇಲೆ ಗಂಡಿನ ಕೈಕಾಲು ಹಿಡಿದು ಇನ್ನೊಮ್ಮೆ ಕಟ್ಟಿದಂತೆ ಮಾಡಿಸಿದರು. ಅಕ್ಷತೆ ಮುಗಿದುಹೋಗಿದ್ದರಿಂದ ಹೆಂಗಸರೆಲ್ಲ ಕೂಡಿ ನೆಲದ ಮೇಲಿನ ಅಕ್ಕಿಯನ್ನೇ ಬಳಿದುಕೊಟ್ಟರು. ಹೊಟ್ಟೆ ತುಂಬ ಉಂಡ ಗಂಡು ಆಕಳಿಸಿಕೊಂಡೇ ತಾಳಿ ಕಟ್ಟಿದ, ಹೆಣ್ಣು ನಗು ತಡೆಯಲಾಗದೆ ಬಗ್ಗಿಬಿಟ್ಟಳು. ಆ ವಿಡಿಯೋದಲ್ಲಿ ಇವತ್ತಿಗೂ ತಾಳಿ ಕಟ್ಟುವ ಹೊತ್ತಿನಲ್ಲಿ ಹಿಂದುಗಡೆ ಊಟದೆಲೆ ಎತ್ತುತ್ತಿರುವುದು ಕಾಣುತ್ತದೆ. ಅಂದಿನಿಂದ ನಮ್ಮವರು ಜೇಬಿನ ತುಂಬ ಬ್ಯಾಟರಿ ಇಟ್ಟುಕೊಂಡು, ಕ್ಯಾಮೆರಾವನ್ನು ಆನ್ ಇದ್ದಂತೆಯೇ ಹೆಗಲಿಗೆ ನೇತುಹಾಕಿಕೊಂಡು ಓಡಾಡತೊಡಗಿದರು. ಹಾಗಾಗಿ ಕಚ್ಚಾ ವಿಡಿಯೋಗಳ ತುಂಬ ನೆಲ, ಕಾಲು, ಸೀರೆಯ ಅಂಚು, ಮೇಲೆ ಅವರ ಮಾತು.

ಕೆಂಪು ದೀಪ ಕಂಡ ದಿನ ನ್ಯಾಮತಿಯ ಕಂಪ್ಯೂಟರ್ ರಿಪೇರಿಯವರಿಗೆ ಫೋನ್ ಮಾಡಿದೆ. ಪೆಟ್ಟಿಗೆಯನ್ನು ನಮ್ಮವರಿಗೆ ಕೂಡಿಸಿಕೊಟ್ಟವರು ಅವರೇ. ಐವತ್ತು ದಾಟಿದವರು, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುವವರು. ಮಧ್ಯಾಹ್ನದ ಬಸ್ಸಿಗೆ ಬಂದು ಪೆಟ್ಟಿಗೆಗೆ ಕಿವಿಗೊಟ್ಟು ಕೂತರು.

“ಒಂದು ಡಿಸ್ಕ್ ಹೋಗೈತೆ ಅಕ್ಕಾರೆ. ಗಾಬರಿ ಬ್ಯಾಡ. ಒಂದ್ರಾಗೆ ಇರಾದು ಇನ್ನೊಂದ್ರಾಗೂ ಇರೋ ಹಂಗೆ ಮಾಡಿದೀನಿ. ಹೊಸಾದು ಹಾಕಿದ್ರೆ ಅದು ತಾನೇ ತುಂಬ್ಕಂತೈತೆ.”

“ತುಂಬ್ಕಳ್ಳೋದ್ರಾಗೆ ಇನ್ನೊಂದೂ ಹೋದ್ರೆ?”

ಅವರು ಕನ್ನಡಕ ಇಳಿಸಿದರು. “ಸುಳ್ಳು ಯಾಕೆ ಹೇಳ್ಲಿ. ಜೋಡಿ ಡಿಸ್ಕೂ ಹೋದ್ರೆ ಮುಗೀತು. ನಾಲ್ಕೂ ಒಂದೇ ವಾರಿಗೆಯವು. ಮುಂದಕ್ಕೆ ಏನು ಮಾಡಾದು ಅಂತ ಈಗ್ಲೇ ಯೋಚ್ನೆ ಮಾಡ್ರಿ.”

ಹೊಸ ಡಿಸ್ಕ್ ಹಾಕಿ ಹೋದರು. ಅದು ತುಂಬಿಕೊಳ್ಳಲು ಒಂದೂವರೆ ದಿನ ಹಿಡಿಯಿತು. ಆ ಒಂದೂವರೆ ದಿನ ಅತ್ತೆ ಒಳಕೋಣೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಹೆರಿಗೆ ವಾರ್ಡಿನ ಮುಂದೆ ಕೂತಂತೆ ಕೂತಿದ್ದರು. ನಡುನಡುವೆ “ಎಷ್ಟಾತಂತೆ?” ಎಂದು ಕೇಳುವುದು. ನಾನು ಪರದೆ ನೋಡಿ ಅರವತ್ತು, ಎಪ್ಪತ್ತು ಎನ್ನುವುದು. ನೂರಾದಾಗ ಸಕ್ಕರೆ ಹಂಚಿದರು. ಪಕ್ಕದ ಟೈಲರ್ ಅಂಗಡಿಯವರು ಯಾಕೆಂದು ತಿಳಿಯದೆಯೇ ತಿಂದರು.

ಭಾನುವಾರ ಹೊನ್ನಾಳಿಯಿಂದ ನನ್ನ ಮೈದುನ ಬಂದ. ಅವನದು ಅಲ್ಲಿ ಝೆರಾಕ್ಸ್ ಮತ್ತು ಅರ್ಜಿ ತುಂಬಿಕೊಡುವ ಅಂಗಡಿ. ಕೂತವನೇ ಶುರುಮಾಡಿದ.

“ಅತ್ತಿಗೆ, ಈ ಡಬ್ಬಿ ಸಾವಾಸ ಸಾಕು. ಎಲ್ಲಾ ಕ್ಲೌಡಿಗೆ ಹಾಕಿಬಿಡಾಣ.”

“ಎಲ್ಲಿರ್ತೈತಪ್ಪ ಅದು?” ಅತ್ತೆ ಕೇಳಿದರು.

“ದೊಡ್ಡ ಕಂಪನಿಯೋರು ಗೋಡೌನು ತುಂಬ ಇಂಥ ಮಿಷಿನ್ ಇಟ್ಟಿರ್ತಾರವ್ವ. ನಾವು ಇಂಟರ್ನೆಟ್ಟಿನಾಗೆ ಕಳಿಸಾದು, ಅವರು ಇಟ್ಕಳಾದು. ಡಿಸ್ಕ್ ಕೆಟ್ರೆ ಅವರ ತಲೆನೋವು. ಇಲ್ಲಿ ಕರೆಂಟ್ ಹೋಗ್ಲಿ, ಬೆಂಕಿ ಬೀಳ್ಲಿ, ಕಳ್ಳ ಬರ್ಲಿ, ಅಲ್ಲಿ ಇರ್ತೈತೆ. ತಿಂಗಳಿಗೆ ಇಷ್ಟು ಅಂತ ಬಾಡಿಗೆ.”

“ಬಾಡಿಗೆ ನಿಂತ್ರೆ?”

“ಒಂದೀಟು ದಿನ ಕಾಯ್ತಾರೆ. ಆಮೇಲೆ ಅಳಿಸ್ತಾರೆ.”

“ನಿಮ್ಮಪ್ಪನ ಜೊತೆ ಹದಿನೆಂಟು ವರ್ಷ ಬಾಡಿಗೆ ಮನ್ಯಾಗಿದ್ದೆ ನಾನು. ಗೋಡೆಗೊಂದು ಮೊಳೆ ಹೊಡೆಯಾಕೂ ಓನರ್ ಹೆಂಡ್ತಿ ಮುಖ ನೋಡ್ಬೇಕಿತ್ತು. ನನ್ ಮಗನ್ನ ಬಾಡಿಗೆ ಮನ್ಯಾಗೆ ಕೂರ್ಸಾಕೆ ನಾನಂತೂ ಹ್ಞೂಂ ಅನ್ನಲ್ಲ.”

“ಅವ್ವ, ನಿಂಗೆ ಗೊತ್ತಾಗಾಕಿಲ್ಲ, ಸುಮ್ಕಿರು.”

“ಗೊತ್ತಾಗದೇ ಇರೋಳು ನಿನ್ನ ಹೆಂಗೆ ಸಾಕಿದ್ಲು?”

ನಾನು ಇಬ್ಬರ ಮುಂದೆಯೂ ಮಂಡಕ್ಕಿ ಇಟ್ಟೆ. ಮೈದುನ ಹೇಳುವುದರಲ್ಲಿ ತಪ್ಪಿರಲಿಲ್ಲ. ಡಿಸ್ಕ್ ಬದಲಿಸುವುದು, ಯುಪಿಎಸ್ ಬ್ಯಾಟರಿಗೆ ನೀರು ಹಾಕುವುದು, ಮಳೆಗಾಲದ ತೇವಕ್ಕೆ ಹೆದರುವುದು ಎಲ್ಲ ನಮ್ಮವರ ಕೆಲಸವಾಗಿತ್ತು. ಇನ್ನು ನಾನೊಬ್ಬಳೇ. ಒಂದು ತಿಂಗಳು ಪರೀಕ್ಷೆ ಮಾಡಿ ನೋಡೋಣವೆಂದು ಒಪ್ಪಿದೆ.

ಮದುವೆಯವರಿಗೆ ಕೊಟ್ಟಂಥ, ಕೆಲಸ ಮುಗಿದ ವಿಡಿಯೋಗಳು ಸುಲಭವಾಗಿ ಹೋದವು. ಆ ದಿನಗಳು ಬಹಳ ಚೆನ್ನಾಗಿದ್ದವು. ಯಾರೋ ಹಳೆಯ ಗಿರಾಕಿ ಫೋನ್ ಮಾಡಿ, ಸಿ.ಡಿ. ಕೆಟ್ಟಿದೆ ಎಂದರೆ, ಇತ್ತ ನಾನು ಒಂದು ಲಿಂಕ್ ಕಳಿಸುವುದು, ಅತ್ತ ಉಬ್ರಾಣಿಯಲ್ಲಿ ಅವರ ಮನೆಮಂದಿಯೆಲ್ಲ ಮೊಬೈಲಿನಲ್ಲಿ ಮದುವೆ ನೋಡುವುದು. ಒಬ್ಬರು ವಾಪಸು ಫೋನ್ ಮಾಡಿ, “ಅಕ್ಕಾ, ನಾನು ಆವಾಗ ಎಷ್ಟು ತೆಳ್ಳಗಿದ್ದೆ ಅಂತ ನಮ್ಮನೆಯೋರು ಈಗ ನಂಬಿದ್ರು” ಎಂದರು.

ಆಮೇಲೆ ಕಚ್ಚಾ ವಿಡಿಯೋಗಳ ಸರದಿ. ಒಂದೇ ಮದುವೆಯದು ಸೋಮವಾರ ಬೆಳಿಗ್ಗೆ ಹಚ್ಚಿದರೆ ಬುಧವಾರ ಸಂಜೆ ಮುಗಿಯಿತು. ಮೈದುನ ಮತ್ತೆ ಬಂದು ಕ್ಯಾಲ್ಕುಲೇಟರ್ ಒತ್ತಿ ನೋಡಿದ, ಮತ್ತೊಮ್ಮೆ ಒತ್ತಿದ, ತಲೆ ಕೆರೆದುಕೊಂಡ. ಎಲ್ಲ ಹೋಗಲು ವರ್ಷಗಳು ಬೇಕು. ಇಟ್ಟಷ್ಟೂ ಬಾಡಿಗೆ ಏರುತ್ತದೆ, ಎಂದೂ ಇಳಿಯುವುದಿಲ್ಲ.

“ಅತ್ತಿಗೆ, ಬೈಬ್ಯಾಡ್ರಿ. ಕಚ್ಚಾ ವಿಡಿಯೋ ಯಾರು ಕೇಳ್ತಾರೆ? ಬರೀ ಚಪ್ಪಲಿ. ಅಣ್ಣನ ಮಾತು ಒಂದು ಐದಾರು ತುಣುಕು ತಗದು ಇಟ್ಕಳಾಣ, ಉಳಿದಿದ್ದು ಅಳಿಸಿ ಈ ಡಬ್ಬಿ ಮಾರಿಬಿಡಾಣ.”

ಐದಾರು ತುಣುಕು ಸಾಕಲ್ಲವೇ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಸತ್ತವರ ಬಟ್ಟೆಬರೆಯನ್ನೇ ಕೊಟ್ಟುಬಿಡುತ್ತೇವೆ. ಪ್ರಾಯಶಃ ಇದೂ ಹಾಗೆಯೇ ಏನೋ ಎಂದುಕೊಂಡು, ಒಂದು ವಾರ ಸಮಯ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅಂಗಡಿ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಚಪ್ಪಲಿ ಬಿಟ್ಟು ಒಳಗೆ ಬಂದಳು. ಕೆರೆಬಿಳಚಿಯವಳು. ಅವಳ ತಾಯಿ ತೀರಿಕೊಂಡು ನಾಲ್ಕು ದಿನವಾಗಿತ್ತು.

“ಕಾರ್ಡಿಗೆ ಒಂದು ಫೋಟೋ ಬೇಕಿತ್ತಕ್ಕ. ನಮ್ಮವ್ವ ಫೋಟೋ ಅಂದ್ರೆ ಓಡಿ ಹೋಗೋಳು. ನನ್ ಮದ್ವೆ ನಿಮ್ಮನೆಯೋರೇ ತಗ್ದಿದ್ದು. ಅದ್ರಾಗೆ ಏನಾರ ಸಿಗ್ತೈತೇನೋ.”

“ನಿಮ್ಮ ಮದ್ವೇಲಿ ಏನಾಗಿತ್ತು?” ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಎಲ್ಲರೂ ಹಾಗೇ ನೋಡುತ್ತಾರೆ. ನಮ್ಮವರು ಪೆಟ್ಟಿಗೆಯಲ್ಲಿ ಮದುವೆಗಳನ್ನು ತಾರೀಖು ಹಾಕಿಯಾಗಲಿ, ಗಂಡುಹೆಣ್ಣಿನ ಹೆಸರು ಹಾಕಿಯಾಗಲಿ ಇಟ್ಟವರಲ್ಲ. ಊರು, ಅದರ ಮುಂದೆ ಆ ಮದುವೆಯಲ್ಲಿ ನಡೆದ ಒಂದು ಎಡವಟ್ಟು. ‘ಉಬ್ರಾಣಿ ಮಜ್ಜಿಗೆ ಖಾಲಿ’, ‘ಜಗಳೂರು ಎರಡು ಬಾಸಿಂಗ ಅದಲುಬದಲು’, ‘ಹೊನ್ನಾಳಿ ಸೋದರಮಾವ ಕಾಣೆ’. ಹಾಗಿದ್ದರೇ ನೆನಪಿರುತ್ತದೆ ಎನ್ನುತ್ತಿದ್ದರು. ಊಟಕ್ಕೆ ಕೂತಾಗ ಹೇಳುತ್ತಿದ್ದರಿಂದ ನನಗೂ ಸುಮಾರು ಗೊತ್ತಿತ್ತು.

“ಏನೂ ಆಗಿರ್ಲಿಲ್ಲಕ್ಕ. ಚೆನ್ನಾಗೇ ಆಗಿತ್ತು.”

“ಏನಾದ್ರೂ ಆಗಿರ್ಬೇಕು. ನೆನಪು ಮಾಡ್ಕೊಳ್ಳಿ.”

“ಅಯ್ಯೋ… ನಮ್ಮ ಮಾವನ ಪಂಚೆ ಮೇಲೆ ಪಾಯಸದ ಬಕೆಟ್ಟೇ ಬಿದ್ದಿತ್ತು. ಅವರು ಸಂಜೆ ತನಕ ಯಾರದೋ ಲುಂಗಿ ಉಟ್ಕಂಡಿದ್ರು.”

‘ಕೆರೆಬಿಳಚಿ ಪಾಯಸದ ಪಂಚೆ’ ತಟ್ಟನೆ ಸಿಕ್ಕಿತು. ಕೆಲಸ ಮುಗಿದ ವಿಡಿಯೋದಲ್ಲಿ ಹುಡುಕಿದೆವು. ಅವಳ ತಾಯಿ ಎಲ್ಲಿ ಬಂದರೂ ಬೆನ್ನು, ಇಲ್ಲವೇ ಯಾರದೋ ಹೆಗಲ ಹಿಂದೆ ಅರ್ಧ ಹಣೆ. ಆಮೇಲೆ ಕಚ್ಚಾ ವಿಡಿಯೋ ತೆರೆದೆ. ಚಪ್ಪಲಿ, ನೆಲ, ತೆಂಗಿನಕಾಯಿ ರಾಶಿ. ಕ್ಯಾಮೆರಾ ಮೇಲೆದ್ದಿತು. ಹಸಿರು ಸೀರೆಯ ಹೆಂಗಸೊಬ್ಬರು ಸೆರಗಿನಿಂದ ಪೂರ್ತಿ ಮುಖ ಮುಚ್ಚಿಕೊಂಡು ನಿಂತಿದ್ದರು. ನಮ್ಮವರ ದನಿ ಬಂತು:

“ಅಮ್ಮಾರೆ, ಸೆರಗು ತೆಗೀರಿ. ನಾಳೆ ಮಗಳು ಗಂಡನ ಮನ್ಯಾಗೆ ಕೂತು ನೋಡಿದ್ರೆ ಬರೀ ಸೆರಗು ಕಾಣ್ತೈತೆ.”

ಸೆರಗಿನೊಳಗಿಂದಲೇ ಉತ್ತರ: “ಸೆರಗೂ ನಂದೇ ಅಲ್ವೇನಪ್ಪ. ಗುರ್ತು ಹಿಡೀತಾಳೆ ಬಿಡು.”

“ಅಳಿಯ ಹಿಡೀಬೇಕಲ್ರಿ!”

ಸೆರಗು ಜಾರಿತು. ಅವರು ಬಾಯಿ ತುಂಬ ನಗುತ್ತಿದ್ದರು. ಮೂಗುತಿಯ ಕಲ್ಲು ಮಿಂಚಿತು. ಒಂದು ಚಣ ಅಷ್ಟೆ, ಮತ್ತೆ ಮುಚ್ಚಿಕೊಂಡರು.

ಕೆರೆಬಿಳಚಿಯವಳು ಗಲ್ಲದ ಮೇಲೆ ಕೈಯಿಟ್ಟುಕೊಂಡು ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು, “ಹಂಗೇ ಅಕ್ಕ, ಹಿಂಗೇ ಮಾತಾಡೋಳು” ಎಂದಳು. ಫೋಟೋ ಬಿಡಿಸಿಕೊಟ್ಟೆ. ಹೋಗುವಾಗ ಬಾಗಿಲಲ್ಲಿ ನಿಂತು, “ಆ ಮಾತಾಡಿದ್ದೂ ನನ್ ಫೋನಿಗೆ ಹಾಕ್ರಿ. ನಿಮ್ಮನೆಯೋರ ಮಾತು ತೆಗೀಬ್ಯಾಡ್ರಿ ಮತ್ತೆ. ಅವರು ಕೇಳಿದ್ದಕ್ಕೇ ನಮ್ಮವ್ವ ನಕ್ಕಿದ್ದು” ಎಂದಳು.

ಮೈದುನ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ. ಅವಳು ಹೋದ ಮೇಲೆ ನನಗೆ ಬಾಯಿ ಬಂತು. ಮದುವೆಯಾಗಿ ಬಂದ ಮೇಲೆ ಅವನೆದುರು ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

“ಕಚ್ಚಾ ವಿಡಿಯೋ ಒಂದು ನಿಮಿಷದ್ದೂ ಅಳಿಸೋದು ಬೇಡ. ಅದು ನನ್ನ ಪೆಟ್ಟಿಗೇಲೇ ಇರ್ಲಿ. ಕೆಲಸ ಮುಗಿದದ್ದು ನಿನ್ನ ಕ್ಲೌಡಿನಲ್ಲಿರ್ಲಿ, ಲಿಂಕ್ ಕಳಿಸಾಕೆ ಅನುಕೂಲ ಆಗೈತೆ. ಅದಕ್ಕೆ ಬಾಡಿಗೆ ಕಟ್ಟೋಣ.”

ಅವನು ಕ್ಯಾಲ್ಕುಲೇಟರನ್ನು ಜೇಬಿಗೆ ಹಾಕಿಕೊಂಡ. “ಆಯ್ತು ಅತ್ತಿಗೆ. ಆದ್ರೆ ಬೆಂಕಿಗೆ ಏನು ಮಾಡ್ತೀರ? ಕಳ್ಳಂಗೆ?”

ಅವನ ಈ ಪ್ರಶ್ನೆ ಸರಿಯಾಗಿತ್ತು. ನ್ಯಾಮತಿಯವರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆವು. ಅವರ ಮಾತು ಸರಳ: ಅಂಥದೇ ಇನ್ನೊಂದು ಪೆಟ್ಟಿಗೆ ತರುವುದು, ಇಲ್ಲೇ ಅಕ್ಕಪಕ್ಕ ಇಟ್ಟು ತಂತಿ ಜೋಡಿಸಿ ಎಲ್ಲವನ್ನೂ ಅದಕ್ಕೆ ತುಂಬಿಸುವುದು, ಆಮೇಲೆ ಅದನ್ನು ಬೇರೆ ಊರಿಗೆ ಹೊತ್ತುಕೊಂಡು ಹೋಗಿ ಇಡುವುದು. ಮುಂದೆ ಹೊಸ ಮದುವೆ ಬಂದಾಗ ಅಷ್ಟನ್ನೇ ಇಂಟರ್ನೆಟ್ಟಿನಲ್ಲಿ ನಿಧಾನಕ್ಕೆ ಕಳಿಸಿದರಾಯಿತು. ಎರಡೂ ಪೆಟ್ಟಿಗೆ ನಮ್ಮವೇ.

“ಹೊನ್ನಾಳಿಯಾಗೆ ಇಡ್ರಿ, ನಮ್ಮ ಅಂಗಡ್ಯಾಗೆ” ಎಂದ ಮೈದುನ.

“ಹೊಳೆ ಬಂದಾಗ ನಿನ್ ಅಂಗಡಿ ಮೆಟ್ಲು ಮುಳುಗ್ತೈತೆ. ಹೋದ ಸಲ ನಿನ್ ಝೆರಾಕ್ಸ್ ಮಿಷಿನ್ನು ಅಟ್ಟದ ಮೇಲೆ ಕೂತಿತ್ತು, ಮರ್ತ್ಬಿಟ್ಯಾ?” ಅತ್ತೆ ಬಿಡಲಿಲ್ಲ.

ಫೋನಿನಿಂದ ನ್ಯಾಮತಿಯವರು, “ನಮ್ಮನೇಲಿ ಇಡ್ಬೋದಿತ್ತು ಅಕ್ಕಾರೆ, ಆದ್ರೆ ಇಲಿ. ಕಂಪ್ಯೂಟರ್ ರಿಪೇರಿ ಮಾಡೋನ ಮನ್ಯಾಗೇ ಎರಡು ಸಲ ವೈರು ಕಡ್ದಾವೆ. ಯಾರಿಗೂ ಹೇಳ್ಬ್ಯಾಡ್ರಿ” ಎಂದರು. ಅವರು ಸ್ಪೀಕರಿನಲ್ಲಿದ್ದಾರೆಂದು ನಾವು ಹೇಳಿರಲಿಲ್ಲ. ಟೈಲರ್ ಅಂಗಡಿಯವರೂ ಕೇಳಿಸಿಕೊಂಡು ನಕ್ಕರು.

ಕೊನೆಗೆ ಉಳಿದದ್ದು ಜಗಳೂರು. ನನ್ನ ನಾದಿನಿಯನ್ನು ಕೊಟ್ಟ ಊರು. ಅಲ್ಲಿನ ಒಣಹವೆಗೆ ಹಪ್ಪಳ ಒಂದೇ ದಿನಕ್ಕೆ ಗರಿಗರಿಯಾಗುತ್ತದೆ. ತೇವಕ್ಕೆ ಹೆದರುವ ಪೆಟ್ಟಿಗೆಗೆ ಅದಕ್ಕಿಂತ ಒಳ್ಳೆಯ ಜಾಗ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ. ಫೋನ್ ಮಾಡಿದರೆ ನಾದಿನಿ, “ಅಣ್ಣ ಇದ್ದಾಗ ವರ್ಷಕ್ಕೊಂದು ಸಲ ಬಂದ್ರೆ ಹೆಚ್ಚು. ಈಗಾದ್ರೂ ಬಂದು ಇರ್ಲಿ, ಕರ್ಕಂಡು ಬರ್ರಿ” ಎಂದಳು.

ನಮ್ಮವರ ಹಳೆಯ ಕ್ಯಾಮೆರಾ, ಲೈಟುಗಳನ್ನು ಬೇಕೆಂದವರಿಗೆ ಮಾರಿ, ಆ ದುಡ್ಡಿನಲ್ಲಿ ಎರಡನೇ ಪೆಟ್ಟಿಗೆ ತಂದೆವು. ಅದು ತುಂಬಿದ ಮೇಲೆ, ಹತ್ತಿಯ ದುಪ್ಪಟಿಯಲ್ಲಿ ಸುತ್ತಿ, ಮೈದುನನ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆಗೂ ನನಗೂ ನಡುವೆ ಇಟ್ಟುಕೊಂಡು ಹೊರಟೆವು. ಅತ್ತೆ ಅದಕ್ಕೆ ಸೀಟ್ ಬೆಲ್ಟ್ ಹಾಕಿಸಿದರು. ಹಂಪ್ ಬಂದಾಗಲೆಲ್ಲ “ಮೆಲ್ಲಕೆ ಹೋಗೋ” ಎಂದು ಅವನ ಬೆನ್ನಿಗೆ ತಿವಿಯುತ್ತಿದ್ದರು. “ಅವ್ವ, ನಾನು ಕೂತಾಗ ಇಷ್ಟು ಕಾಳಜಿ ಮಾಡಿದ್ದಿಲ್ಲ” ಎಂದು ಅವನು ಗೊಣಗಿದರೆ, “ನೀನು ಬಿದ್ರೆ ಏಳ್ತೀಯ” ಎಂದರು. ದಾರಿಯಲ್ಲಿ ಒಂದು ಕಡೆ ಮಿರ್ಚಿ ತಿಂದೆವು. ಪೆಟ್ಟಿಗೆಯನ್ನು ಒಂಟಿಯಾಗಿ ಬಿಡಬಾರದೆಂದು ಸರದಿಯ ಮೇಲೆ ಇಳಿದೆವು.

ನಾದಿನಿ ನಡುಮನೆಯ ಎತ್ತರದ ಗೂಡನ್ನು ಖಾಲಿ ಮಾಡಿಸಿ, ಒರೆಸಿ ಇಟ್ಟಿದ್ದಳು. ಹಿಂದೆಯೇ ನ್ಯಾಮತಿಯವರೂ ಬಸ್ಸಿಗೆ ಬಂದಿಳಿದರು. ತಂತಿಗಳನ್ನು ಜೋಡಿಸಿದರು. ದಾರಿಯಲ್ಲಿ ಏನೂ ಆಗಿಲ್ಲವೇ ಎಂದು ಪರೀಕ್ಷೆಗೆ ಯಾವುದಾದರೂ ಒಂದನ್ನು ಹಾಕಿ ನೋಡಬೇಕೆಂದರು. ನಾನು ಟಿವಿಗೆ ಜೋಡಿಸಿ, ಕಣ್ಣಿಗೆ ಬಿದ್ದುದನ್ನು ಒತ್ತಿದೆ. ನಾದಿನಿಯ ಮದುವೆಯೇ ಬಂದುಬಿಟ್ಟಿತು. ತಂಗಿಯ ಮದುವೆಯಲ್ಲೂ ಅವರು ಕ್ಯಾಮೆರಾ ಹಿಂದೆಯೇ ಇದ್ದರು.

ಅರಿಶಿಣದ ಶಾಸ್ತ್ರ. ಸೋಫಾದ ಮೇಲೆ ನಾದಿನಿ, ನಾನು, ನಡುವೆ ಅತ್ತೆ, ಮೂವರೂ ಟಿವಿಯನ್ನೇ ನೋಡುತ್ತಿದ್ದೆವು. ಟಿವಿಯೊಳಗಿನ ಅತ್ತೆ ತಟ್ಟೆ ಹಿಡಿದು ಮದುಮಗಳ ಮುಂದೆಯೇ ಅಡ್ಡ ನಿಂತಿದ್ದರು. ದನಿ ಬಂತು, ಜೋರಾಗಿ, ಸ್ವಲ್ಪ ಸಿಟ್ಟಿನಲ್ಲಿ, ಪ್ರೀತಿಯಲ್ಲಿ:

“ಅವ್ವಾ, ಒಂದೀಟು ಪಕ್ಕಕ್ಕೆ ಸರಿಯೇ. ಏನೂ ಕಾಣಾಕಿಲ್ಲ.”

“ಸರೀತೀನಿ ತಡಿಯೋ” ಎಂದರು ಅತ್ತೆ, ಸೋಫಾದ ಮೇಲೆ. ಹಾಗೆಂದು ಸೀರೆ ಎಳೆದುಕೊಂಡು ನನ್ನ ಕಡೆಗೆ ನಿಜವಾಗಿಯೂ ಸರಿದರು.

ಅತ್ತೆಗೆ ತಾವು ಮಾಡಿದ್ದು ಅರ್ಥವಾದದ್ದು ಆಮೇಲೆ. ಮೊದಲು ನಕ್ಕವರು ಅವರೇ. ಆಮೇಲೆ ನಾದಿನಿ, ಆಮೇಲೆ ಮೈದುನ. ನ್ಯಾಮತಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು. ಅಷ್ಟು ನಕ್ಕು ಬಹಳ ದಿನವಾಗಿತ್ತು.

“ಸರಿಯಾಗೈತೆ ಅಕ್ಕಾರೆ, ಪೂರ್ತಿ ಬಂದೈತೆ” ಎಂದರು ನ್ಯಾಮತಿಯವರು.

“ಬಂದೈತೋ ಇಲ್ವೋ ಒಂದೇ ಸಲಕ್ಕೆ ಹೆಂಗೆ ಗೊತ್ತಾಗ್ತೈತೆ?” ಎಂದರು ಅತ್ತೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. “ಇನ್ನೊಂದ್ಸಲ ಹಾಕ್ರಿ.”